ಹೊಗಳಬಾರದ ಮನೆ

ಮೇಲೂರು
12 ಜನವರಿ 2025, ಭಾನುವಾರ

ನನ್ನ ಚಿನ್ನದಂಥ ಪದ್ದಕ್ಕಾ,

ನಿನಗೊಂದು ಗಟ್ಟಿ ಅಪ್ಪುಗೆ, ಅದರ ಜೊತೆಗೆ ಅಷ್ಟೇ ದೊಡ್ಡ ಸಾರಿ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಹುಳುಗಳಿಗೆ ಸೊಪ್ಪಿನ ಹೊತ್ತಾಗುತ್ತದೆ, ಇಲ್ಲದಿದ್ದರೆ ಹಾಲು ಉಕ್ಕುತ್ತದೆ. ಫೋನಿನಲ್ಲೇ ಹೇಳಬಾರದಾ ಅನ್ನಬೇಡ. ಈ ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಬೀದಿಗೆಲ್ಲ ಕೇಳಿಸುತ್ತದೆ. ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಕೆಂಪು ಹಾರ್ಟ್ ಒತ್ತಿ ಮಗುವಿಗೆ ಹಾಲು ಕುಡಿಸಲು ಎದ್ದು ಹೋಗುತ್ತೀಯ. ಕಾಗದವಾದರೆ ಕೂತು ಓದಲೇಬೇಕು. ನಾನು ಕನ್ನಡದಲ್ಲಿ ಇಷ್ಟುದ್ದ ಬರೆಯುವುದನ್ನು ಚಿಂತಾಮಣಿಯ ನಮ್ಮ ಕಾನ್ವೆಂಟ್ ಮಿಸ್ಸು ನೋಡಿದ್ದರೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡುತ್ತಿದ್ದರು.

ಮೊದಲು ಒಳ್ಳೆಯ ಸುದ್ದಿ. ಮೋಹನ್ ಚೆನ್ನಾಗಿದ್ದಾರೆ. ಅಕ್ಕಾ, ಚೆನ್ನಾಗಿದ್ದಾರೆ ಅಂದರೆ ಸಾಲದು! ಸಂಜೆ ಚಿಕ್ಕಬಳ್ಳಾಪುರದಿಂದ ಬ್ಯಾಂಕು ಮುಗಿಸಿ ಬೈಕಿನಲ್ಲಿ ಬಂದು ಹೆಲ್ಮೆಟ್ ತೆಗೆದಾಗ ಕೂದಲು ಒಂದು ಪಕ್ಕ ಎದ್ದು ನಿಂತಿರುತ್ತದೆ. ಅದನ್ನು ನೋಡಲೆಂದೇ ನಾನು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ನಾಚಿಕೆಗೆಟ್ಟವಳು ಅನ್ನು, ಪರವಾಗಿಲ್ಲ. ಹೊಸ ಮದುವೆ, ನಾಚಿಕೆ ಆಮೇಲೆ ಬರಲಿ.

ಈಗ ದೂರು. ತುಂಬ ದೂರು.

ಈ ಮನೆಯಲ್ಲಿ ಯಾರೂ ಯಾರಿಗೂ ಏನೂ ಹೇಳುವುದಿಲ್ಲ ಅಕ್ಕಾ. ಬೈಯುವುದೂ ಇಲ್ಲ, ಆ ಮಾತು ಬೇರೆ. ಆದರೆ ಒಂದು ಒಳ್ಳೆಯ ಮಾತು? ಊಹೂಂ. ಮೊನ್ನೆ ಹಿತಕಿದ ಬೇಳೆ ಸಾರು ಮಾಡಿದೆ. ನೆನೆಸಿದ ಅವರೆಕಾಳನ್ನು ಮಧ್ಯಾಹ್ನವೆಲ್ಲ ಕೂತು ಒಂದೊಂದೇ ಹಿತುಕಿ ಹಿತುಕಿ ನನ್ನ ಹೆಬ್ಬೆರಳು ಊದಿಕೊಂಡಿತ್ತು. ಮಾವ ಮುದ್ದೆ ಮುರಿದು ಅದ್ದಿ ನುಂಗಿದರು, ಇನ್ನೊಂದು ಸೌಟು ಹಾಕಿಸಿಕೊಂಡರು. ನಾನು ಸೌಟು ಹಿಡಿದುಕೊಂಡು ಎಲ್ಲ ಹಲ್ಲು ತೋರಿಸುತ್ತಾ ನಿಂತಿದ್ದೆ. ಕಡೆಗೆ ತಡೆಯಲಾರದೆ ನಾನೇ ಕೇಳಿದೆ:

“ಮಾವ, ಸಾರು ಹೇಗಿದೆ?”

ಮಾವ ತಟ್ಟೆ ನೋಡಿದರು, ನನ್ನನ್ನು ನೋಡಿದರು. “ಸಾರು ಸಾರಿನ್ ಥರಾನೇ ಐತಮ್ಮ,” ಅಂದರು.

ಮೋಹನ್ ಮುಖ ಕೆಳಗೆ ಹಾಕಿ ನಕ್ಕರು. ಆಮೇಲೆ ಕೇಳಿದರೆ, “ಎರಡು ಸಲ ಹಾಕಿಸ್ಕೊಂಡ್ರಲ್ಲ, ಅದೇ ಸರ್ಟಿಫಿಕೇಟು ಕಣೇ,” ಅಂತ ಸಮಾಧಾನ. ಈ ಮನುಷ್ಯನೂ ಕಡಿಮೆಯಿಲ್ಲ. ವರ್ಷದ ಮೊದಲ ದಿನ ಹಸಿರು ಸೀರೆ ಉಟ್ಟು, ಕನ್ನಡಿಯೇ ನಾಚಿಕೊಳ್ಳುವಂತೆ ತಯಾರಾಗಿ ಎದುರಿಗೆ ಹೋಗಿ ನಿಂತೆ. “ಸೆರಗು ನೆಲಕ್ಕೆ ತಾಗ್ತಿದೆ, ನೋಡ್ಕೊ,” ಅಂದರು. ಅಷ್ಟೇ ಅಕ್ಕಾ. ಸೆರಗು!

ಸರಿ, ಇವರ ಸ್ವಭಾವವೇ ಹೀಗೆ, ಕಲ್ಲಿನ ಜನ ಅಂದುಕೊಳ್ಳೋಣ ಅಂದರೆ ಅದೂ ಆಗುವುದಿಲ್ಲ, ಯಾಕೆಂದರೆ ಸಂಜೆ ಏಳಕ್ಕೆ ಚೌಡಣ್ಣ ಬರುತ್ತಾನೆ.

ಚೌಡಣ್ಣ ಯಾರು ಅಂತ ನಿನಗೆ ಗೊತ್ತಿರುವುದಿಲ್ಲ. ನೀನು ಟೀವಿ ನೋಡುವುದಿಲ್ಲ, ಎಂಟನೇ ಕ್ಲಾಸಿನ ವಿಜ್ಞಾನದ ಪೇಪರು ತಿದ್ದುತ್ತಾ ಕೂರುತ್ತೀಯ. ಅವನೊಬ್ಬ ಸೀರಿಯಲ್ಲಿನ ಮನುಷ್ಯ. ಹೀರೊ ಅಲ್ಲ, ಹೀರೊನ ಅಪ್ಪನೂ ಅಲ್ಲ. ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಅವನದೊಂದು ಟೀ ಅಂಗಡಿ. ಸೀರಿಯಲ್ಲಿನವರೆಲ್ಲ ಮನೆಯಲ್ಲಿ ಜಗಳವಾಡಿಕೊಂಡು, ಅತ್ತುಕೊಂಡು ಅವನ ಬೆಂಚಿಗೆ ಬಂದು ಕೂರುತ್ತಾರೆ. ಅವನು ಯಾರ ಕಷ್ಟವನ್ನೂ ತೀರಿಸುವುದಿಲ್ಲ, ಬುದ್ಧಿಯನ್ನೂ ಹೇಳುವುದಿಲ್ಲ. “ಬಂದ್ಯಾ? ನೀನಿಲ್ದೆ ಹೊತ್ತೇ ಹೋಗಿರ್ಲಿಲ್ಲ,” ಅಂತಾನೆ. ಹೆದರುಪುಕ್ಕಲ ಗುಮಾಸ್ತನಿಗೆ, “ನಿನ್ನಂಗೆ ಅಚ್ಚುಕಟ್ಟಾಗಿ ಕೆಲ್ಸ ಮಾಡೋರು ಈ ತಾಲ್ಲೂಕಲ್ಲಿಲ್ಲ,” ಅಂತಾನೆ. ಮೂಲೆಗೆ ಸೇರಿದ ಅಜ್ಜಿಗೆ, “ನೀನು ನಕ್ಕರೆ ನನ್ನ ಟೀಗೆ ಸಕ್ರೆ ಬ್ಯಾಡಮ್ಮ,” ಅಂತಾನೆ. ಇಷ್ಟೇ ಅವನ ಪಾರ್ಟು.

ಅದಕ್ಕೆ ನಮ್ಮ ಮಾವ ಟವೆಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ! ಸಾರು ಸಾರಿನ ಥರ ಇದೆ ಅಂದ ಅದೇ ಮಾವ! ಅತ್ತೆ ಕೈಯಲ್ಲಿದ್ದ ಸೊಪ್ಪಿನ ಬುಟ್ಟಿಯನ್ನು ಕೆಳಗಿಡುವುದನ್ನೂ ಮರೆತು ನಿಂತುಬಿಡುತ್ತಾರೆ. “ಎಂಥ ಮನುಷ್ಯ ನೋಡಮ್ಮ,” ಅಂತಾರೆ ನನಗೆ. ಇಲ್ಲದ ಬೆಂಚಿನ ಮೇಲೆ ಕೂತ ಇಲ್ಲದ ಅಜ್ಜಿಗೆ ಯಾರೋ ಬರೆದುಕೊಟ್ಟ ಮಾತು ಹೇಳಿದರೆ ಇವರಿಗೆ ಕರುಳು ಚುರುಕ್ಕನ್ನುತ್ತದೆ. ಇಲ್ಲೇ, ಕೈಗೆಟುಕುವಷ್ಟು ದೂರದಲ್ಲಿ, ಹೆಬ್ಬೆರಳು ಊದಿಸಿಕೊಂಡು ಸೊಸೆ ನಿಂತಿದ್ದಾಳೆ. ನನಗೆ ಟೀವಿಯ ಪ್ಲಗ್ಗು ಕಿತ್ತುಬಿಡೋಣ ಅನ್ನಿಸುತ್ತದೆ. ಕೀಳುವುದಿಲ್ಲ, ಯಾಕೆಂದರೆ ಚೌಡಣ್ಣ ನನಗೂ ತುಂಬ ಇಷ್ಟ. ಅದೇ ನನ್ನ ತಾಪತ್ರಯ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಹುಳದ ಮನೆ.

ನಮ್ಮ ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ರೇಷ್ಮೆ ಹುಳು ಸಾಕುವ ಮನೆ ಇರುವುದು ನಿನಗೆ ಗೊತ್ತಲ್ಲ. ಹುಳು ಪೊರೆ ಬಿಡುವ ಮೊದಲು ತಿನ್ನದೆ ತಲೆ ಎತ್ತಿಕೊಂಡು ಮಲಗಿಬಿಡುತ್ತವೆ. ಅದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನಾನು “ಡಾಕ್ಟರನ್ನ ಕರೆಸಬೇಕಾ?” ಅಂದಿದ್ದೆ, ಅದನ್ನು ಮೋಹನ್ ಬ್ಯಾಂಕಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಈ ವಾರ ಹುಳುಗಳು ನಾಲ್ಕನೇ ಜ್ವರದಿಂದ ಎದ್ದವು. ಶುಕ್ರವಾರ ಅತ್ತೆಯ ಹಿಂದೆಯೇ ಒಳಗೆ ಹೋದೆ. ಅಕ್ಕಾ, ಬೆಳ್ಳಗೆ, ತಣ್ಣಗೆ, ಬೆರಳಿನಷ್ಟು ಉದ್ದ! ಅಷ್ಟೂ ಹುಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಬಂದ ಹಾಗೆ. ನಾನು ಬಾಯಿ ಮುಚ್ಚಿಕೊಂಡಿರುವವಳಾ? “ಅಯ್ಯೋ ಎಷ್ಟು ಚೆನ್ನಾಗಿವೆ ಅತ್ತೆ! ಎಷ್ಟು ದಷ್ಟಪುಷ್ಟ! ಈ ಸಲ ಬಂಪರ್!” ಅಂತ ಕೂಗಿಯೇ ಬಿಟ್ಟೆ.

ಅತ್ತೆಯ ಮುಖ ಸುಣ್ಣವಾಯಿತು. “ಥೂ ಥೂ ಥೂ,” ಅಂದರು. ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದರು. “ಒಳಗೆ ಹಂಗೆಲ್ಲ ಅನ್ಬಾರ್ದು ಕಣಮ್ಮ. ಏನೋ ಅವೆ, ತಿಂತಾವೆ, ಅನ್ಬೇಕು ಅಷ್ಟೇ.” ಆಮೇಲೆ ಅಡುಗೆಮನೆಗೆ ಹೋಗಿ ಮುಷ್ಟಿಯಲ್ಲಿ ಏನೋ ತಂದು ಬಚ್ಚಲ ಒಲೆಗೆ ಎಸೆದರು. ಉಪ್ಪು, ಮೆಣಸಿನಕಾಯಿ. ಚಟಪಟ ಅಂದಿತು. ನನ್ನ ದೃಷ್ಟಿಯಂತೆ ಅಕ್ಕಾ! ನನ್ನ ಕಣ್ಣು ಬಿದ್ದದ್ದಕ್ಕೆ ಹುಳುಗಳಿಗೆ ಪರಿಹಾರ!

ಮುಂದಿನದು ಕೇಳು. ಇವತ್ತು ಬೆಳಿಗ್ಗೆ ಒಂದು ತಟ್ಟೆ ಹುಳುಗಳು ಊದಿಕೊಂಡು, ಹಾಲಿನಂಥ ನೀರು ಬಿಡುತ್ತಾ ಸತ್ತುಬಿದ್ದಿದ್ದವು. ಮಾವ ಎಲ್ಲ ಬಾಚಿ ತೆಗೆದುಕೊಂಡು ಹೋಗಿ ದೂರದಲ್ಲಿ ಗುಂಡಿಗೆ ಹಾಕಿದರು. ಸೊಪ್ಪು ಕೊಯ್ಯಲು ಬಂದಿದ್ದ ಪಕ್ಕದ ಮನೆಯ ಅಮ್ಮಾಜಮ್ಮ ಅತ್ತೆಯ ಕಿವಿಯಲ್ಲಿ, “ಈ ಪಿಲ್ಲ ನೋರು ಮಂಚಿದಿ ಕಾದು, ಶ್ಯಾಮಲಮ್ಮಾ,” ಅಂದಳು. ಈ ಹುಡುಗಿಯ ಬಾಯಿ ಒಳ್ಳೆಯದಲ್ಲ ಅಂತ. ಇಂಗ್ಲಿಷ್ ಓದಿದ ಹುಡುಗಿಗೆ ತೆಲುಗು ಬರುವುದಿಲ್ಲ ಅಂತ ಅವಳ ಲೆಕ್ಕ. ಚಿಂತಾಮಣಿಯಲ್ಲಿ ಹುಟ್ಟಿದವಳಿಗೆ!

ಅತ್ತೆ ನನ್ನ ಪರವಾಗಿ ಏನಾದರೂ ಅನ್ನುತ್ತಾರೆ ಅಂತ ಕಿವಿಗೊಟ್ಟು ನಿಂತೆ. “ಸೊಪ್ಪು ಬಾಡ್ತದೆ, ಬಾ,” ಅಂದರು. ಆಮೇಲೆ ನನ್ನ ಹತ್ತಿರ ಬಂದು, “ಈ ಬೆಳೆ ಮುಗಿಯೋ ತನ್ಕ ನೀನು ಹುಳದ ಮನೆಗೆ ಬರೋದು ಬ್ಯಾಡ,” ಅಂದರು. ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ಏನಂತ ಕೇಳಲಿ?

ನಾನೇನು ವಜ್ರದ ಓಲೆ ಕೇಳುತ್ತಿದ್ದೇನಾ ಅಕ್ಕಾ? ಈ ಮನೆಗೆ ನಾನು ಬಂದದ್ದು ಒಳ್ಳೆಯದಾಯಿತು ಅಂತ ಯಾರಾದರೂ ಒಬ್ಬರು, ಒಂದೇ ಒಂದು ಸಲ, ಬಾಯಿಬಿಟ್ಟು ಹೇಳಲಿ. ಅಷ್ಟು ಸಾಕು. ನಾನು ವರ್ಷವೆಲ್ಲ ಅವರೆಕಾಳು ಹಿತುಕುತ್ತೇನೆ.

ಭಾವನಿಗೆ ನಮಸ್ಕಾರ.

ನಿನ್ನ ಉರಿಯುತ್ತಿರುವ ತಂಗಿ,
ಹರಿತಾ

*

ಮೇಲೂರು
23 ಜನವರಿ 2025, ಗುರುವಾರ

ನನ್ನ ಪದ್ದಕ್ಕಾ,

ನೀನು ಉತ್ತರ ಬರೆಯುವ ಮೊದಲೇ ಇನ್ನೊಂದು ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಹೇಳದಿದ್ದರೆ ನನಗೆ ಹೊಟ್ಟೆ ಒಡೆದುಹೋಗುತ್ತದೆ.

ಭಾನುವಾರ ಹುಳು ಹಣ್ಣಾದವು. ಹಣ್ಣಾದ ಹುಳು ತಿನ್ನುವುದು ಬಿಟ್ಟು, ಮೈ ಹೊಳೆಯುತ್ತಾ, ಗೂಡು ಕಟ್ಟಲು ಜಾಗ ಹುಡುಕುತ್ತವೆ. ಆಗ ಅವನ್ನು ಆಯ್ದು ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು, ತಡಮಾಡುವಂತಿಲ್ಲ. ಹಾಗಾಗಿ ಅವತ್ತು ಬೀದಿಗೆ ಬೀದಿಯೇ ಬಂದು ಕೈ ಹಾಕುತ್ತದೆ. ಇವರ ಮನೆಗೆ ಅವರು, ಅವರ ಮನೆಗೆ ಇವರು. ಮೋಹನ್ ಪ್ಯಾಂಟು ಮಡಚಿಕೊಂಡು ಇಳಿದರು. ಅಮ್ಮಾಜಮ್ಮ ಬಂದಳು, ಅವಳ ಸೊಸೆ ಬಂದಳು, ಮಂಡಿನೋವಿನ ಬಯ್ಯಪ್ಪ ಕೂಡ ಕೋಲು ಊರಿಕೊಂಡು ಬಂದು ಸ್ಟೂಲಿನ ಮೇಲೆ ಕೂತ. ಊರೆಲ್ಲ ಒಳಗೆ, ಈ ಮನೆಯ ಸೊಸೆ ಹೊರಗೆ. ನನಗೆ ಕೊಟ್ಟ ಕೆಲಸ ಎಲ್ಲರಿಗೂ ಕಾಫಿ ಕಾಸಿ ಬಾಗಿಲವರೆಗೆ ತಂದಿಡುವುದು. ಹೊಸ್ತಿಲ ಮೇಲೆ ತಟ್ಟೆ ಇಟ್ಟು, “ಕಾಫಿ!” ಅಂತ ಕೂಗಿ, ಹಿಂದೆ ಸರಿದು ನಿಲ್ಲುತ್ತಿದ್ದೆ. “ಏನಮ್ಮ, ನೀನ್ಯಾಕೆ ಒಳೀಕ್ ಬರಲ್ಲ?” ಅಂತ ಬಯ್ಯಪ್ಪ ಕೇಳಿದ. ಅಮ್ಮಾಜಮ್ಮ ಕೆಮ್ಮಿದಳು. ಎಂಥ ಕೆಮ್ಮು ಅಂತೀಯ, ಬರೆದು ತೋರಿಸಲಾಗುವುದಿಲ್ಲ.

ಅದನ್ನೂ ನುಂಗಿಕೊಂಡೆ. ಮೋಹನ್ ಹತ್ತಿರ ಕಣ್ಣೀರು ಹಾಕಿದೆ. “ಅಮ್ಮ ಏನೋ ಯೋಚನೆ ಮಾಡೇ ಹೇಳಿರ್ತಾರೆ ಬಿಡೇ,” ಅಂದರು. ಏನೋ, ಏನೋ! ಈ ಮನೆಯವರ ಪ್ರೀತಿಯೆಲ್ಲ ಏನೋ!

ಮಂಗಳವಾರ ಸಂಜೆ ಸೀರಿಯಲ್ಲಿನವರು ಚೌಡಣ್ಣನನ್ನು ಸಾಯಿಸಿಬಿಟ್ಟರು.

ಹೇಳದೆ ಕೇಳದೆ. ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ, ಯಾರೋ ಬಾಗಿಲು ಬಡಿದರು, ಮುಗಿಯಿತು. ಆ ಪಾರ್ಟು ಮಾಡುತ್ತಿದ್ದವನು ಬೇರೆ ಚಾನಲ್ಲಿಗೆ ಹೋದನಂತೆ ಅಂತ ಮೋಹನ್ ಫೋನಿನಲ್ಲಿ ನೋಡಿ ಹೇಳಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾವ ಅರ್ಧ ಮುದ್ದೆ ಬಿಟ್ಟು ಕೈ ತೊಳೆದರು. “ಅಂಥ ಮನುಷ್ಯ ಹೋದ್ನಲ್ಲಮ್ಮ,” ಅಂತ ಗೋಡೆಗೆ ಒರಗಿ ಕೂತರು. ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. “ಎಲ್ರಿಗೂ ಒಂದೊಂದು ಒಳ್ಳೆ ಮಾತು ಹೇಳ್ತಿದ್ದ. ಅಂಥೋರು ಎಲ್ಲವ್ರೆ ಈಗ.”

ಅಕ್ಕಾ, ನನ್ನ ತಲೆಯಲ್ಲಿ ಏನೋ ಪಟ್ಟಂತ ಹರಿಯಿತು.

“ಎಲ್ಲಿದ್ದಾರಾ? ಇರೋಕೆ ಬಿಟ್ಟರೆ ತಾನೇ! ಇಲ್ದೆ ಇರೋ ಮನುಷ್ಯ ಸತ್ತಿದ್ದಕ್ಕೆ ಊಟ ಬಿಡ್ತೀರಲ್ಲ ಮಾವ, ಈ ಮನೇಲಿ ಬದುಕಿರೋರಿಗೆ ಒಂದು ದಿನಾನಾದ್ರೂ ಒಂದು ಮಾತು ಹೇಳಿದ್ದೀರಾ?” ಅಂದುಬಿಟ್ಟೆ.

“ಹರಿತಾ, ಮೆಲ್ಲಗೆ,” ಅಂದರು ಮೋಹನ್.

“ಮೆಲ್ಲಗೆ ಹೇಳಿದ್ರೆ ಇಲ್ಲಿ ಯಾರಿಗೂ ಕೇಳ್ಸಲ್ಲ! ಚೌಡಣ್ಣ ಏನು ದೊಡ್ಡದಾಗಿ ಮಾಡಿದ್ದು? ಬಂದೋರ ಮುಖ ನೋಡ್ದ, ಬಂದಿದ್ದು ಒಳ್ಳೇದಾಯ್ತು ಅಂದ. ಅಷ್ಟೇ ತಾನೇ? ನಾನು ನೋಡಿದ್ರೆ ಹುಳ ಸಾಯುತ್ತೆ ಅಂತ ನನ್ನನ್ನ ಊರಿನ ಎದುರಿಗೆ ಬಾಗಿಲಲ್ಲಿ ನಿಲ್ಲಿಸಿದ್ರಿ. ನನ್ನ ಕಣ್ಣಿಗೆ ಉಪ್ಪು ಸುಟ್ರಿ. ನಾನು ಕೆಟ್ಟವಳಾ ಅತ್ತೆ?”

ಟೀವಿಯಲ್ಲಿ ಯಾವುದೋ ಸೋಪಿನ ಜಾಹೀರಾತು ಕುಣಿಯುತ್ತಿತ್ತು. ಮಾವ ಎದ್ದು ಅದನ್ನು ಆರಿಸಿದರು. ನಾನು ಇನ್ನೇನು ಕೋಣೆಗೆ ಓಡಬೇಕು, ಅತ್ತೆ ಬಾಯಿಬಿಟ್ಟರು.

“ಅವ್ನು ಹೇಳ್ಬೋದು ಕಣಮ್ಮ. ಅವ್ನು ನಿಜವಾದೋನಲ್ಲ. ಟೀವಿಯೋನ ಬಾಯಿಂದ ಬಂದ ಮಾತು ಯಾರಿಗೂ ತಾಕಲ್ಲ. ನಾವಂದ್ರೆ ತಾಕ್ತದೆ. ನಮ್ಮತ್ತೆ ನಂಗೆ ಅದನ್ನೇ ಹೇಳಿಕೊಟ್ಟಿದ್ದು. ಹುಳ ಆಗ್ಲಿ, ಮಕ್ಕಳಾಗ್ಲಿ, ಚೆನ್ನಾಗಿರೋದನ್ನ ಚೆನ್ನಾಗೈತೆ ಅನ್ಬಾರ್ದು, ಕಣ್ಣು ಬೀಳ್ತದೆ ಅಂತ. ನಂಗೂ ಹೇಳ್ಬೇಕು ಅನ್ಸಲ್ವಾ? ಅದಕ್ಕೇ ದಿನಾ ಅವ್ನ ಮುಂದೆ ಕೂತ್ಕೋತಿದ್ದೆ. ನಾನು ಅನ್ಬೇಕಾದ್ದೆಲ್ಲ ಅವ್ನು ಅಂತಿದ್ದ.”

“ಮತ್ತೆ ನನ್ನನ್ನ ಯಾಕೆ ಒಳಗೆ ಬಿಡ್ಲಿಲ್ಲ?”

“ದಿನವೆಲ್ಲ ಬಗ್ಗಿ ಬಗ್ಗಿ ಮಾಡೋ ಕೆಲ್ಸ. ನಿನ್ನ ಮೈಗೆ ಆಗ್ತಿರ್ಲಿಲ್ಲ. ಸುಮ್ಕಿರು ಅಂದ್ರೆ ನೀನು ಕೇಳೋಳಾ? ಅದಕ್ಕೇ ಬರ್ಲೇಬ್ಯಾಡ ಅಂದೆ.”

ಮಾವ ಟವೆಲು ಹೆಗಲಿಗೆ ಹಾಕಿಕೊಳ್ಳುತ್ತಾ, ನನ್ನ ಕಡೆ ನೋಡದೆ, “ಹುಳ ಸತ್ತಿದ್ದು ಒದ್ದೆ ಸೊಪ್ಪು ಹಾಕಿದ್ದಕ್ಕೆ. ತಪ್ಪು ನಂದು. ಆ ಉಪ್ಪು ಹುಳಕ್ಕೆ ದೃಷ್ಟಿ ತೆಗ್ದಿದ್ದು ಅಂದ್ಕೊಂಡ್ಯಾ? ಹುಳಕ್ಕೆ ಯಾರು ತೆಗೀತಾರಮ್ಮ ಅಷ್ಟೊಂದು ಉಪ್ಪು. ನೀನು ಮಲಗೋ ಚಾಪೆ ದಿಂಬಿಗೆಲ್ಲ ಇಳೆ ತೆಗ್ದು ಒಲೆಗೆ ಹಾಕ್ತಾಳೆ, ದಿನಾ. ಆ ಅಮ್ಮಾಜಮ್ಮನ ಕಣ್ಣು ನಿನ್ ಮ್ಯಾಲೆ ಬಿದ್ದೈತಂತೆ,” ಅಂದರು.

ಅಮ್ಮಾಜಮ್ಮನ ಕಣ್ಣು ನನ್ನ ಮೇಲೆ! ಅಕ್ಕಾ, ನಗಲಾ, ಅಳಲಾ? ಎರಡನ್ನೂ ಮಾಡಿದೆ, ಮೂಗೂ ಸುರಿಯಿತು. ಆದರೂ ಕೇಳು, ನನ್ನ ಸಿಟ್ಟು ಇಳಿಯಲಿಲ್ಲ. ಇಳಿಯಬೇಕಿತ್ತು, ಇಳಿಯಲಿಲ್ಲ. ಪ್ರೀತಿ ಇದೆಯಂತೆ, ಬೆಟ್ಟದಷ್ಟು ಇದೆಯಂತೆ, ಆದರೆ ನನಗೆ ತಿಳಿಯದ ಹಾಗೆ ಬಚ್ಚಲ ಒಲೆಯಲ್ಲಿ ಉರಿಸಿಬಿಡುತ್ತಾರಂತೆ. ನಾನು ಹೇಗೆ ತಿಳಿದುಕೊಳ್ಳಬೇಕಿತ್ತು? ಹೊಗೆ ನೋಡಿಯಾ? ಮನಸ್ಸಿನಲ್ಲಿರುವುದು ಬೇರೆ, ಕಿವಿಗೆ ಬೀಳುವುದು ಬೇರೆ. ಚೌಡಣ್ಣನನ್ನು ಜನ ಯಾಕೆ ಪ್ರೀತಿಸುತ್ತಾರೆ ಅಂತ ಈಗ ನನಗೆ ಗೊತ್ತು. ಅವನು ಒಳ್ಳೆಯವನು ಅಂತಲ್ಲ. ಒಳ್ಳೆಯವರು ನಮ್ಮ ಮನೆಯಲ್ಲೇ ಇದ್ದಾರೆ, ಲೋಡುಗಟ್ಟಲೆ. ಅವನ ಬೆಂಚಿನ ಮೇಲೆ ಕೂತವನಿಗೆ ತನ್ನ ಬೆಲೆ ಏನು ಅಂತ ಊಹೆ ಮಾಡುತ್ತಾ ಕೂರುವ ಕಷ್ಟ ಇರಲಿಲ್ಲ.

ಇದನ್ನೆಲ್ಲ ಅವರಿಗೆ ಹೇಳಿಯೂ ಬಿಟ್ಟೆ. ಅತ್ತೆ “ಆಯ್ತು, ಉಣ್ಣು,” ಅಂದರು.

ನಿನ್ನೆ ಮಧ್ಯಾಹ್ನ ಏನಾಯಿತು ಗೊತ್ತಾ? ಬಸ್ಸಾರು ಮಾಡಿದ್ದೆ. ನಾನು ಸಿಟ್ಟಿನಲ್ಲೇ ಬಡಿಸಿದೆ, ಯಾರನ್ನೂ ಏನೂ ಕೇಳಲಿಲ್ಲ. ಮಾವ ಊಟ ಮುಗಿಸಿದರು. ಏಳಲಿಲ್ಲ. ಆರಿಸಿಟ್ಟ ಟೀವಿಯನ್ನೇ ನೋಡುತ್ತಾ ಕೂತರು. ಗಂಟಲು ಸರಿಮಾಡಿಕೊಂಡು,

“ಚೌಡಣ್ಣ ಇದ್ದಿದ್ರೆ, ಈ ಸಾರು ಭಾಳ ಚೆನ್ನಾಗೈತೆ ಅಂತಿದ್ದ,” ಅಂದರು. ಥಟ್ಟನೆ ಎದ್ದು ಕೈ ತೊಳೆಯಲು ಹೋದರು, ಪೊಲೀಸರು ಅಟ್ಟಿಸಿಕೊಂಡು ಬಂದ ಹಾಗೆ.

ನಾನು ಸೌಟು ಹಿಡಿದು ನಿಂತೇ ಇದ್ದೆ. ಅತ್ತೆ ನನ್ನನ್ನು ನೋಡಿದರು. ನಗು ತಡೆದುಕೊಳ್ಳಲು ತುಟಿ ಒಳಗೆಳೆದುಕೊಂಡಿದ್ದರು. “ಇನ್ನೊಂದೂ ಅಂತಿದ್ದ ಅವ್ನು. ಈ ಹುಡುಗಿ ಬಂದ್ಮೇಲೆ ಮನೇಲಿ ಸದ್ದು ಅನ್ನೋದು ಹುಟ್ಟಿದ್ದು, ಹೋದ್ರೆ ಬಿಕೋ ಅಂತದೆ ಅಂತಿದ್ದ. ನಾನಂತೂ ಏನೂ ಅನ್ಲಿಲ್ಲಪ್ಪ. ಸತ್ತೋನ ಮಾತು.”

ಸಂಜೆ ಮೋಹನ್‌ಗೆ ಹೇಳಿದರೆ ಅವರೂ ಶುರು ಮಾಡಿದರು. ಆ ಹಸಿರು ಸೀರೆಯ ಬಗ್ಗೆ ಚೌಡಣ್ಣ ಏನೇನು ಅನ್ನುತ್ತಿದ್ದ ಅಂತ ಅವರು ಹೇಳಿದ್ದನ್ನು ಅಕ್ಕನಿಗೆ ಬರೆಯಲಾಗುವುದಿಲ್ಲ. ಇಷ್ಟು ಹೇಳಿಸುವುದಕ್ಕೆ ಒಬ್ಬ ಸಾಯಬೇಕಾಯಿತಲ್ಲ, ಇಂಥ ಮನೆ ಎಲ್ಲಾದರೂ ಉಂಟಾ!

ಗೂಡು ಬಿಡಿಸುವ ಕೆಲಸ ನಾಳೆ. ಕೂತು ಮಾಡುವ ಕೆಲಸವಾದ್ದರಿಂದ ನನ್ನನ್ನೂ ಕರೆದಿದ್ದಾರೆ. ಗೂಡುಗಳು ಹೇಗಿವೆ ಅಂತ ಬರೆಯುವುದಿಲ್ಲ. ಏನೋ ಇವೆ.

ಭಾವನಿಗೆ ನಮಸ್ಕಾರ. ನಿನ್ನ ಮಗಳು ಚೈತನ್ಯಳಿಗೆ ಚಿಕ್ಕಮ್ಮನ ಆಶೀರ್ವಾದ. ಫೋಟೊ ನೋಡಿದೆ. ಎಷ್ಟು... ಇಲ್ಲ, ಬೇಡ. ನೂರು ವರ್ಷ ಸುಖವಾಗಿ ಬಾಳಲಿ, ನಿನ್ನಷ್ಟು ಜಾಣೆಯಾಗಲಿ, ನನ್ನಷ್ಟು ಮಾತು ಬರದಿದ್ದರೂ ಪರವಾಗಿಲ್ಲ.

ನಿನ್ನ ತಂಗಿ,
ಹರಿತಾ

ತಾ.ಕ.: ಅಕ್ಕಾ, ಕವರು ಅಂಟಿಸಿದ್ದೆ, ಮತ್ತೆ ಹರಿದೆ. ನವೆಂಬರಿನಲ್ಲಿ ನಾನು ಬಸುರಿಯಾಗಿದ್ದೆ. ಟೆಸ್ಟಿನಲ್ಲಿ ಎರಡು ಗೆರೆ ಬಂದ ಬೆಳಿಗ್ಗೆ ಮನೆಯೆಲ್ಲ ಕುಣಿದೆ. “ಮೂರು ತಿಂಗಳು ತುಂಬ್ಲಿ, ಯಾರಿಗೂ ಹೇಳ್ಬ್ಯಾಡ ಕಣಮ್ಮ,” ಅಂತ ಅತ್ತೆ ಅಂದರೂ ಕೇಳದೆ ಅಮ್ಮಾಜಮ್ಮನಿಗೆ ಹೇಳಿದೆ, ಹಾಲು ಡೇರಿಯಲ್ಲಿ ಸಾಲು ನಿಂತವರಿಗೆಲ್ಲ ಹೇಳಿದೆ. ನಿನಗೆ ಮಾತ್ರ ಎದುರಿಗೇ ಹೇಳಬೇಕು ಅಂತ ಉಳಿಸಿಕೊಂಡಿದ್ದೆ. ಅಷ್ಟರಲ್ಲೇ ಹೋಯಿತು. ಚೈತನ್ಯಳ ನಾಮಕರಣಕ್ಕೆ ವೈರಲ್ ಫೀವರ್ ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡದ್ದು ಅದಕ್ಕೇ. ಇಂಥದ್ದು ಎಷ್ಟೋ ಜನಕ್ಕೆ ಆಗುತ್ತೆ ಅಂದರು ಡಾಕ್ಟರಮ್ಮ, ಮುಂದಿನ ಪೇಷಂಟನ್ನು ಕರೆಯುತ್ತಾ. ಈ ಮನೆಯಲ್ಲಿ ಯಾರೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಿನ್ನ ತಪ್ಪಲ್ಲ ಅಂತಲೂ ಅನ್ನಲಿಲ್ಲ. ಆ ಹುಳುಗಳು ಸತ್ತ ಬೆಳಿಗ್ಗೆ ಅಮ್ಮಾಜಮ್ಮ ಅಂದದ್ದನ್ನು ಒಂದು ಕ್ಷಣ ನಾನೂ ನಂಬಿದೆ, ಹುಳುಗಳ ವಿಷಯದಲ್ಲಿ ಅಲ್ಲ. ನೀನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ನಾನು ಸಂತೋಷಪಟ್ಟದ್ದಕ್ಕೆ ಮಗು ಹೋಗಲಿಲ್ಲ ಅಂತ ಒಂದು ಸಾ‌ಲು ಬರೆ. ನನಗೆ ಗೊತ್ತಿದೆ. ಆದರೂ ಬರೆ, ಅಕ್ಕಾ.